ಗುರಾಣಿಯ ಮೇಲಿನ ಆ ಒಂದು ಅಕ್ಷರ: ಗ್ರೀಕ್ ಕಾಲದ ಗೇಮ್ ಮಾಡುವವರಿಗೆ ಒಂದು ಬಹಿರಂಗ ಪತ್ರ

ಪ್ರಾಚೀನ ಗ್ರೀಸಿನ ಯುದ್ಧಗಳನ್ನು ಇಟ್ಟುಕೊಂಡು ಸ್ಟ್ರಾಟಜಿ ಗೇಮ್ ಮಾಡುವ ಎಲ್ಲ ತಂಡಗಳಿಗೆ,

ನಮಸ್ಕಾರ.

ನಾನು ಸುಮಾರು ಇಪ್ಪತ್ತು ವರ್ಷದಿಂದ ಸ್ಟ್ರಾಟಜಿ ಗೇಮ್ ಆಡುತ್ತಿದ್ದೇನೆ. ಅದರಲ್ಲೂ ಗ್ರೀಸ್ ಅಂದರೆ ನನಗೆ ಮೊದಲಿನಿಂದ ಜಾಸ್ತಿ ಇಷ್ಟ. ಹೆರೊಡೊಟಸ್, ಥುಸಿಡಿಡೀಸ್, ಕ್ಸೆನೊಫನ್ ಎಂಬ ಹಳೆಯ ಗ್ರೀಕ್ ಇತಿಹಾಸಕಾರರ ಹೆಸರುಗಳು ನನಗೆ ಮೊದಲು ಗೊತ್ತಾಗಿದ್ದು ಗೇಮ್‌ನಿಂದಲೇ, ಪುಸ್ತಕ ಕೈಗೆ ಬಂದಿದ್ದು ಆಮೇಲೆ. ಆ ಋಣ ನನ್ನ ಮೇಲಿದೆ. ಇದನ್ನು ಕನ್ನಡದಲ್ಲಿ ಬರೆಯುವುದಕ್ಕೂ ಕಾರಣ ಇದೆ. ಹೊರದೇಶದ ಎಷ್ಟೋ ಗೇಮ್‌ಗಳ ಚಿತ್ರದ ಕೆಲಸ ನಮ್ಮ ಬೆಂಗಳೂರಿನ ಸ್ಟುಡಿಯೋಗಳಲ್ಲಿ ನಡೆಯುತ್ತದೆ. ಸೈನಿಕರ ಮಾಡೆಲ್ ಮಾಡುವವರು, ಗುರಾಣಿಗೆ ಬಣ್ಣ ಹಾಕುವವರು, ಸಾಲು ಸಾಲು ವಿವರ ಬರೆಯುವವರು, ಇವರಲ್ಲಿ ಕನ್ನಡ ಓದುವವರು ಖಂಡಿತ ಇದ್ದಾರೆ. ಅವರಿಗೂ ಈ ಪತ್ರ ತಲುಪಲಿ.

ನಡೆದಿದ್ದು ಇಷ್ಟು. ನನ್ನ ಅಕ್ಕನ ಮಗ ಏಳನೇ ಕ್ಲಾಸು. ರಜೆಯಲ್ಲಿ ನನ್ನ ಜೊತೆ ಕೂತು ಗ್ರೀಕ್ ಕಾಲದ ಒಂದು ಗೇಮ್ ಆಡಿದ. ಪರ್ಷಿಯನ್ನರ ಸೈನ್ಯವನ್ನು ಸ್ಪಾರ್ಟಾ ಮತ್ತು ಬೇರೆ ಗ್ರೀಕ್ ಊರಿನವರು ತಡೆದು ನಿಂತ, ಕ್ರಿ.ಪೂ. 480ರ ಥರ್ಮಾಪಿಲೆ ಯುದ್ಧ. ಸ್ಪಾರ್ಟಾದ ಪ್ರತಿಯೊಬ್ಬನ ಗುರಾಣಿಯ ಮೇಲೂ ಒಂದೇ ಅಕ್ಷರ, ಇಂಗ್ಲಿಷಿನ ವಿ ಅಕ್ಷರವನ್ನು ತಲೆಕೆಳಗು ಮಾಡಿದ ಹಾಗಿರುವ ಲ್ಯಾಂಬ್ಡಾ, ಗ್ರೀಕರ 'ಲ'. ಗೇಮ್ ಒಳಗೇ ಇರುವ ಮಾಹಿತಿ ಪುಟದಲ್ಲಿ, ಆ ದಿನ ಅಲ್ಲಿ ನಿಂತ ಎಲ್ಲರ ಗುರಾಣಿಯಲ್ಲೂ ಈ ಅಕ್ಷರ ಇತ್ತು ಎಂದು ಖಚಿತವಾಗಿ ಬರೆದಿತ್ತು. ಪೆಟ್ಟಿಗೆಯ ಮೇಲೆ 'ಇತಿಹಾಸಕ್ಕೆ ನಿಷ್ಠ' ಎಂಬ ಮಾತು ಬೇರೆ. ಶಾಲೆ ಶುರುವಾದ ಮೇಲೆ ಹುಡುಗ ಅದನ್ನೇ ಚಾರ್ಟಿನಲ್ಲಿ ಬರೆದು ತಂದ. ಚೆನ್ನಾಗಿ ಬರೆದಿದ್ದ, ಕೆಂಪು ಬಣ್ಣ, ಮಧ್ಯೆ ದೊಡ್ಡ ಲ್ಯಾಂಬ್ಡಾ. 'ಇದು ನಿಜ ಅಲ್ವಾ ಮಾಮ?' ಎಂದು ಕೇಳಿದ. ನನಗೆ ಹೌದು ಎನ್ನಲು ಆಗಲಿಲ್ಲ. ಇಲ್ಲ ಎಂದು ಸುಲಭವಾಗಿ ಹೇಳಲೂ ಆಗಲಿಲ್ಲ. ಆ ಗೇಮ್ ಮಾಡಿದವರಿಗೆ ಎರಡು ಸಲ ಬರೆದೆ. ಎರಡು ಸಲವೂ ಬಂದಿದ್ದು 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಎಂಬ ಒಂದೇ ಉತ್ತರ. ಅವರ ಹೆಸರು ಇಲ್ಲಿ ಬೇಡ. ಇದು ಅವರೊಬ್ಬರ ತಪ್ಪಲ್ಲ, ನಾನು ಆಡಿದ ಹೆಚ್ಚಿನ ಗ್ರೀಕ್ ಗೇಮ್‌ಗಳಲ್ಲಿ ಇದನ್ನೇ ನೋಡಿದ್ದೇನೆ.

ಮೊದಲು ಆ ಲ್ಯಾಂಬ್ಡಾ ವಿಷಯವನ್ನೇ ನೋಡೋಣ. ಸ್ಪಾರ್ಟಾದವರು ತಮ್ಮ ನಾಡನ್ನು ಲ್ಯಾಸಿಡೆಮಾನ್ ಎಂದು ಕರೆಯುತ್ತಿದ್ದರು, ಅದರ ಮೊದಲ ಅಕ್ಷರ ಲ್ಯಾಂಬ್ಡಾ. ಈ ಅಕ್ಷರ ಅವರ ಗುರಾಣಿಯ ಮೇಲೆ ಇತ್ತು ಎನ್ನಲು ಇರುವ ಮುಖ್ಯ ಆಧಾರ ಯೂಪೊಲಿಸ್ ಎಂಬ ಅಥೆನ್ಸಿನ ನಗೆನಾಟಕಕಾರನ ಒಂದು ಸಾಲು. ಹೊಳೆಯುವ ಲ್ಯಾಂಬ್ಡಾಗಳನ್ನು ಕಂಡು ಒಬ್ಬ ಬೆದರಿದ ಎನ್ನುವ ಸಾಲು ಅದು. ಅವನ ಆ ನಾಟಕ ಪೂರ್ತಿಯಾಗಿ ಉಳಿದಿಲ್ಲ. ಕ್ರಿ.ಶ. 9ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನ ಫೋಟಿಯಸ್ ಮಾಡಿದ ಪದಕೋಶದಲ್ಲಿ ಈ ಸಾಲು ಉದಾಹರಣೆಯಾಗಿ ಉಳಿದುಕೊಂಡಿದೆ. ಯೂಪೊಲಿಸ್ ನಾಟಕ ಬರೆದಿದ್ದು ಅಥೆನ್ಸ್ ಮತ್ತು ಸ್ಪಾರ್ಟಾ ಪರಸ್ಪರ ಹೊಡೆದಾಡುತ್ತಿದ್ದ ಕಾಲದಲ್ಲಿ, ಅಂದರೆ ಥರ್ಮಾಪಿಲೆ ಮುಗಿದು ಅರ್ಧ ಶತಮಾನ ಕಳೆದ ಮೇಲೆ. ಹಾಗಾಗಿ ಕ್ರಿ.ಪೂ. 5ನೇ ಶತಮಾನದ ಕೊನೆಯ ಭಾಗದ ಸ್ಪಾರ್ಟಾ ಸೈನಿಕನಿಗೆ ನೀವು ಲ್ಯಾಂಬ್ಡಾ ಹಾಕಿದರೆ ನಾನು ಒಪ್ಪುತ್ತೇನೆ. ಥರ್ಮಾಪಿಲೆಯಲ್ಲಿ ಸ್ಪಾರ್ಟಾದ ರಾಜ ಲಿಯೊನಿಡಾಸನ ಜೊತೆ ನಿಂತವರ ಗುರಾಣಿಗೆ ಅದನ್ನು ಹಾಕುವುದು ಬರೀ ಊಹೆ. ಊಹೆ ಮಾಡಬೇಡಿ ಎನ್ನುತ್ತಿಲ್ಲ. ಊಹೆಯನ್ನು ಊಹೆ ಅಂತಲೇ ಬರೆಯಿರಿ.

ಊರಿನ ಅಕ್ಷರವನ್ನು ಗುರಾಣಿಗೆ ಹಾಕುವ ಪದ್ಧತಿ ಇದ್ದಿದ್ದು ನಿಜ. ಅದಕ್ಕೆ ಕ್ಸೆನೊಫನ್ ಬರೆದಿಟ್ಟ ಒಂದು ಘಟನೆ ಇದೆ. ನಾನು ಇಷ್ಟು ವರ್ಷದಲ್ಲಿ ಯಾವ ಗೇಮ್‌ನಲ್ಲೂ ಅದನ್ನು ನೋಡಿಲ್ಲ, ಅದು ನನಗೆ ಬೇಜಾರು. ಕ್ರಿ.ಪೂ. 392, ಕೊರಿಂಥ್ ಊರಿನ ಉದ್ದ ಗೋಡೆಗಳ ನಡುವೆ ಕಾದಾಟ. ಸ್ಪಾರ್ಟಾದ ಕಡೆ ಇದ್ದ ಸಿಸಿಯಾನ್ ಊರಿನವರನ್ನು ಆರ್ಗೋಸ್‌ನವರು ಹೊಡೆದು ಓಡಿಸುತ್ತಿದ್ದಾರೆ. ಪಾಸಿಮಾಕಸ್ ಎಂಬ ಸ್ಪಾರ್ಟಾ ಕುದುರೆ ಪಡೆಯ ನಾಯಕ ಇದನ್ನು ನೋಡಿದ. ಅವನ ಹತ್ತಿರ ಇದ್ದ ಸವಾರರು ಬೆರಳೆಣಿಕೆಯಷ್ಟು. ಕುದುರೆಗಳನ್ನು ಮರಕ್ಕೆ ಕಟ್ಟಿ, ಓಡುತ್ತಿದ್ದ ಸಿಸಿಯಾನ್‌ನವರ ಗುರಾಣಿಗಳನ್ನು ಕಿತ್ತುಕೊಂಡು, ನಡೆದುಕೊಂಡೇ ಆರ್ಗೋಸ್‌ನವರ ಮೇಲೆ ಹೋದ. ಗುರಾಣಿಗಳ ಮೇಲೆ ಸಿಗ್ಮಾ ಇತ್ತು, ಸಿಸಿಯಾನ್ ಹೆಸರಿನ ಮೊದಲ ಅಕ್ಷರ. ಎದುರಿನವರು ಅದನ್ನು ನೋಡಿ, ಬರುತ್ತಿರುವುದು ಸಿಸಿಯಾನ್‌ನವರು, ಭಯ ಬೇಡ ಅಂದುಕೊಂಡರು. ಈ ಸಿಗ್ಮಾಗಳು ನಿಮಗೆ ಮೋಸ ಮಾಡುತ್ತವೆ ನೋಡಿ ಎಂದು ಪಾಸಿಮಾಕಸ್ ಅವಳಿ ದೇವರ ಆಣೆ ಇಟ್ಟು ಕೂಗಿ ಮುನ್ನುಗ್ಗಿದ, ಅಲ್ಲೇ ಸತ್ತ. ಒಂದು ಅಕ್ಷರದಿಂದ ರಣರಂಗದಲ್ಲಿ ಏನೇನು ಆಗಬಹುದು ನೋಡಿ! ಗುರಾಣಿ ನೋಡಿ ಶತ್ರು ಯಾರೆಂದು ಅಂದಾಜು ಮಾಡುವುದು, ಆ ಅಂದಾಜು ತಪ್ಪಾಗುವುದು, ಇದನ್ನು ಆಟದ ನಿಯಮವಾಗಿಯೇ ತರಬಹುದು. ನೀವು ಅಕ್ಷರವನ್ನು ಅಲಂಕಾರ ಮಾಡಿಬಿಟ್ಟಿದ್ದೀರಿ, ಅದಕ್ಕೆ ಈ ಸಾಧ್ಯತೆ ನಿಮ್ಮ ಕಣ್ಣಿಗೆ ಬಿದ್ದಿಲ್ಲ.

ಎಲ್ಲರದ್ದೂ ಒಂದೇ ಥರ ಗುರಾಣಿ ಎನ್ನುವುದೇ ಆ ಕಾಲಕ್ಕೆ ಹೊಂದುವುದಿಲ್ಲ. ಹೆಚ್ಚಿನ ಊರುಗಳಲ್ಲಿ ಸೈನಿಕ ತನ್ನ ಗುರಾಣಿಯನ್ನು ತನ್ನದೇ ದುಡ್ಡಿನಲ್ಲಿ ಮಾಡಿಸಿಕೊಳ್ಳುತ್ತಿದ್ದ, ಗುರುತೂ ಅವನ ಇಷ್ಟದ್ದು. ಕ್ರಿ.ಪೂ. 7ನೇ ಶತಮಾನದ ಕೀಜಿ ಹೂಜಿ ಈಗ ರೋಮ್‌ನಲ್ಲಿದೆ. ಅದರಲ್ಲಿ ಸಾಲಾಗಿ ನಿಂತ ಸೈನಿಕರ ಗುರಾಣಿಗಳನ್ನು ನೋಡಿ, ಒಬ್ಬನದು ಹಕ್ಕಿ, ಒಬ್ಬನದು ಗೂಳಿಯ ತಲೆ, ಇನ್ನೊಬ್ಬನದು ನಾಲಿಗೆ ಚಾಚಿದ ಗೋರ್ಗಾನ್ ಎಂಬ ರಾಕ್ಷಸಿಯ ಮುಖ. ಅಥೆನ್ಸಿನ ಸೇನಾನಾಯಕ ಆಲ್ಸಿಬಿಯಾಡೀಸ್ ತನ್ನ ಗುರಾಣಿಗೆ ಸಿಡಿಲು ಹಿಡಿದ ಕಾಮದೇವ ಈರೋಸ್‌ನ ಚಿತ್ರ ಹಾಕಿಸಿದ್ದ, ಹಿರಿಯರು ಅದಕ್ಕೆ ಮುಖ ಸಿಂಡರಿಸಿದರು ಎಂದು ಎಷ್ಟೋ ಕಾಲದ ನಂತರದ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ. ಸ್ಪಾರ್ಟಾದ ಒಬ್ಬನ ಕಥೆಯೂ ಪ್ಲುಟಾರ್ಕ್‌ನ ಬರಹದಲ್ಲೇ ಇದೆ. ಅವನ ಗುರಾಣಿಯ ಮೇಲೆ ಒಂದು ನೊಣ, ಅದೂ ನಿಜವಾದ ನೊಣದಷ್ಟೇ ಸಣ್ಣದು. ಯಾರಿಗೂ ಕಾಣಬಾರದು ಅಂತ ಹೀಗೆ ಮಾಡಿದ್ದೀಯ ಎಂದು ಬೇರೆಯವರು ಆಡಿಕೊಂಡರು. ಕಾಣಲಿ ಅಂತಲೇ ಮಾಡಿದ್ದು, ನಾನು ಶತ್ರುವಿನ ಅಷ್ಟು ಹತ್ತಿರ ಹೋಗುತ್ತೇನೆ ಎಂದನಂತೆ. ಕಥೆ ಕಟ್ಟಿದ್ದೇ ಇರಬಹುದು. ಆದರೂ ಸ್ಪಾರ್ಟಾದವನಿಗೆ ತನ್ನದೇ ಗುರುತು ಇರಬಹುದು ಎನ್ನುವುದು ಪ್ಲುಟಾರ್ಕ್‌ಗೆ ವಿಚಿತ್ರ ಅನ್ನಿಸಿಲ್ಲ.

ಸ್ಪಾರ್ಟಾದ ನೆಲದಿಂದಲೇ ಬಂದ ಸಾಕ್ಷಿಯೂ ಇದೆ. ಅಲ್ಲಿನ ಆರ್ಟೆಮಿಸ್ ಆರ್ಥಿಯಾ ದೇವಸ್ಥಾನದ ಜಾಗವನ್ನು 20ನೇ ಶತಮಾನದ ಮೊದಲ ವರ್ಷಗಳಲ್ಲಿ ಬ್ರಿಟಿಷ್ ಪುರಾತತ್ವದವರು ಅಗೆದಾಗ ಹರಕೆಗೆ ಕೊಟ್ಟ ಪುಟ್ಟ ಪುಟ್ಟ ಸೀಸದ ಬೊಂಬೆಗಳು ರಾಶಿ ರಾಶಿ ಸಿಕ್ಕಿದವು. ಅವುಗಳಲ್ಲಿ ಗುರಾಣಿ ಹಿಡಿದ ಸೈನಿಕರೂ ಇದ್ದಾರೆ, ಗುರಾಣಿಯ ವಿನ್ಯಾಸ ಒಬ್ಬೊಬ್ಬರದು ಒಂದೊಂದು ಥರ. ಇನ್ನೊಂದು ಅಥೆನ್ಸಿನ ಅಗೋರಾ ಮ್ಯೂಸಿಯಂನಲ್ಲಿದೆ. ಕ್ರಿ.ಪೂ. 425ರಲ್ಲಿ ಪೈಲೋಸ್ ಹತ್ತಿರದ ಸ್ಫ್ಯಾಕ್ಟೀರಿಯಾ ದ್ವೀಪದಲ್ಲಿ ಸ್ಪಾರ್ಟಾ ಕಡೆಯ 292 ಜನ ಶರಣಾದರು. ಗ್ರೀಸ್ ಪೂರ್ತಿ ಬೆರಗಾಯಿತು, ಏಕೆಂದರೆ ಸ್ಪಾರ್ಟಾದವರು ಆಯುಧ ಕೆಳಗಿಡುತ್ತಾರೆ ಎಂದು ಯಾರೂ ಎಣಿಸಿರಲಿಲ್ಲ. ಅಲ್ಲಿ ಕಿತ್ತುಕೊಂಡ ಒಂದು ಗುರಾಣಿಯ ಕಂಚಿನ ಹೊದಿಕೆ 1936ರಲ್ಲಿ ಸಿಕ್ಕಿತು. ಅದರ ಮೇಲೆ ಅಕ್ಷರಗಳಿವೆ. ಆದರೆ ಅವು ಗೆದ್ದವರು ಚುಚ್ಚಿ ಬರೆದದ್ದು: ಪೈಲೋಸ್‌ನಲ್ಲಿ ಲ್ಯಾಸಿಡೆಮಾನ್‌ನವರಿಂದ ಅಥೆನ್ಸಿನವರು ತಂದದ್ದು ಎಂದು. ಬಣ್ಣದಲ್ಲಿ ಲ್ಯಾಂಬ್ಡಾ ಇದ್ದಿದ್ದರೆ ಅದು ಅಳಿಸಿ ಹೋಗಿರಬಹುದು. ಇಂದು ಕಣ್ಣಿಗೆ ಕಾಣುವುದು ಶತ್ರುವಿನ ಬರಹ ಮಾತ್ರ. ನಾನು ಅದರ ಫೋಟೋ ಹುಡುಗನಿಗೆ ತೋರಿಸಿದೆ. ಗೇಮ್‌ನ ಗುರಾಣಿಗಿಂತ ಜಾಸ್ತಿ ಹೊತ್ತು ಅವನು ಅದನ್ನು ನೋಡಿದ.

ಆಟದಲ್ಲಿ ಸಾವಿರ ಜನ ಪರದೆಯ ಮೇಲೆ ಓಡುವಾಗ ಯಾರು ಯಾವ ಕಡೆ ಎಂದು ಥಟ್ಟನೆ ಗೊತ್ತಾಗಬೇಕು, ಅದು ನನಗೂ ಅರ್ಥವಾಗುತ್ತದೆ. ಅದಕ್ಕೆ ಬಾವುಟ ಇದೆ, ಕಾಲ ಕೆಳಗೆ ಬಣ್ಣದ ಉಂಗುರ ಹಾಕಬಹುದು, ಸ್ಪಾರ್ಟಾಗೆ ಕೆಂಪು ಬಟ್ಟೆ ಇದೆ. ಆ ಕೆಂಪು ಬಟ್ಟೆಗೂ ಕಂಚಿನ ಗುರಾಣಿಗೂ ಕ್ಸೆನೊಫನ್‌ನ ಮಾತೇ ಆಧಾರ, ಹಾಗಾಗಿ ಧೈರ್ಯವಾಗಿ ಬಳಸಿ. ಗುರಾಣಿಗಳನ್ನು ಮಾತ್ರ ಬೇರೆ ಬೇರೆ ಮಾಡಿ. ಹತ್ತಿಪ್ಪತ್ತು ಗುರುತುಗಳನ್ನು ಕಲಸಿ ಹಂಚುವುದು ಇವತ್ತಿನ ಕಂಪ್ಯೂಟರಿಗೆ ದೊಡ್ಡ ಹೊರೆಯಲ್ಲ, ಬಿಡುವಿನಲ್ಲಿ ಮಾಡ್ ಮಾಡುವ, ಅಂದರೆ ಗೇಮ್ ಅನ್ನು ತಾವೇ ತಿದ್ದಿ ಬದಲಿಸುವ ಹುಡುಗರು ಅದನ್ನು ಮಾಡಿ ತೋರಿಸಿದ್ದಾರೆ.

ಅಕ್ಷರದ ಮಾತು ಬಂದಿದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ. ಗೇಮ್‌ನ ಹೆಸರನ್ನು ಗ್ರೀಕ್ ಥರ ಕಾಣಿಸಲು ಇಂಗ್ಲಿಷಿನ ಎ ಜಾಗಕ್ಕೆ ಲ್ಯಾಂಬ್ಡಾ, ಇ ಜಾಗಕ್ಕೆ ಸಿಗ್ಮಾ ಕೂರಿಸುತ್ತೀರಿ. ಗ್ರೀಕ್ ಓದಲು ಬರುವವರಿಗೆ ಸ್ಪಾರ್ಟಾ ಎನ್ನುವ ಕಡೆ ಎರಡು 'ಲ' ಕಾಣುತ್ತದೆ. ಅದು ಇಂದಿಗೂ ಕೋಟಿಗೂ ಹೆಚ್ಚು ಜನ ಓದಿ ಬರೆಯುವ ಲಿಪಿ. ಕನ್ನಡದವರಿಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಠ ಅಕ್ಷರವನ್ನು ಲೋಕವೆಲ್ಲ ದುರುಗುಟ್ಟಿ ನೋಡುವ ಕಣ್ಣು ಮಾಡಿಕೊಂಡು ಠ_ಠ ಎಂದು ಹಾಕುತ್ತದೆ. ಅದಕ್ಕೆ ಒಂದು ಉಚ್ಚಾರ ಇದೆ, ಅದು ಒಂದು ಭಾಷೆಯ ಅಕ್ಷರ ಎಂದು ಹಾಕುವವರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಅವರು ಆಟಕ್ಕೆ ಹಾಕುತ್ತಾರೆ, ನಾನು ಅವರ ಮೇಲೆ ಸಿಟ್ಟಾಗುವುದಿಲ್ಲ. ಗ್ರೀಸಿನ ಇತಿಹಾಸ ಹೇಳುತ್ತೇವೆ ಎಂದು ದುಡ್ಡು ತೆಗೆದುಕೊಳ್ಳುವವರು ಅದೇ ಕೆಲಸ ಮಾಡಿದರೆ ಸುಮ್ನೆ ಇರಲಾಗುವುದಿಲ್ಲ.

ಮ್ಯಾಸಿಡೋನಿಯಾದ ಸೂರ್ಯನ ಕಥೆಯೂ ಹೀಗೇ. ಹದಿನಾರು ಕಿರಣಗಳ ಆ ಸೂರ್ಯ, ಅಥವಾ ನಕ್ಷತ್ರ, 1977ರಲ್ಲಿ ಪುರಾತತ್ವಜ್ಞ ಮನೋಲಿಸ್ ಆಂಡ್ರೊನಿಕೋಸ್ ಉತ್ತರ ಗ್ರೀಸಿನ ವರ್ಜಿನಾದ ರಾಜಸಮಾಧಿ ಅಗೆದಾಗ ಸಿಕ್ಕ ಚಿನ್ನದ ಪೆಟ್ಟಿಗೆಯ ಮುಚ್ಚಳದ ಮೇಲಿದೆ. ಒಳಗಿದ್ದದ್ದು ಸುಟ್ಟ ಮೂಳೆಗಳು. ನಿಮ್ಮ ಗೇಮ್‌ಗಳಲ್ಲಿ ಅದು ಅಲೆಕ್ಸಾಂಡರನ ರಾಷ್ಟ್ರಧ್ವಜ. ಅಲೆಕ್ಸಾಂಡರನಿಗೆ ಇಂದಿನ ಅರ್ಥದ ರಾಷ್ಟ್ರಧ್ವಜ ಎಲ್ಲಿತ್ತು? ಮ್ಯಾಸಿಡೋನಿಯಾದ ಗುರಾಣಿಗಳಲ್ಲಿ ನಕ್ಷತ್ರ ಇದ್ದದ್ದು ನಿಜ, ಆದರೆ ಅಂಥ ನಕ್ಷತ್ರ ಗ್ರೀಕ್ ಕಲೆಯಲ್ಲಿ ಬೇರೆ ಕಡೆಯೂ ಕಾಣುತ್ತದೆ, ಕಿರಣಗಳ ಲೆಕ್ಕವೂ ಒಂದೇ ಅಲ್ಲ. ಇದು ಸಣ್ಣ ವಿಷಯ ಅನ್ನಬೇಡಿ. 1992ರಲ್ಲಿ ಹೊಸ ದೇಶವೊಂದು ಈ ಚಿಹ್ನೆಯನ್ನು ತನ್ನ ಬಾವುಟಕ್ಕೆ ಹಾಕಿಕೊಂಡಿತು, ಗ್ರೀಸ್ ತೀವ್ರವಾಗಿ ವಿರೋಧಿಸಿತು, 1995ರಲ್ಲಿ ಬಾವುಟವನ್ನೇ ಬದಲಿಸಬೇಕಾಯಿತು. ಈಗ ಅದರ ಹೆಸರು ಉತ್ತರ ಮ್ಯಾಸಿಡೋನಿಯಾ. ಬದುಕಿರುವ ಜನ ಜಗಳವಾಡಿದ ಚಿಹ್ನೆಯನ್ನು ಬಳಸುವಾಗ ಅದು ಎಲ್ಲಿ ಸಿಕ್ಕಿತು ಎಂದು ಎರಡು ಸಾಲು ಬರೆಯಬೇಕು ಅಲ್ವಾ?

ಇನ್ನು ಸೈನಿಕರು. ಇಲ್ಲಿ ನನ್ನ ದೂರು ಬಟ್ಟೆ, ಹೆಲ್ಮೆಟ್ ಬಗ್ಗೆ ಅಲ್ಲ. ಬರಿ ಮೈಯಲ್ಲಿ ಯುದ್ಧಕ್ಕೆ ಹೋಗುವ ಸ್ಪಾರ್ಟಾದವರನ್ನು ಎಲ್ಲರೂ ಬೈದಾಗಿದೆ. ನನಗೆ ಜಾಸ್ತಿ ನೋವು ಕೊಡುವುದು ನೀವು ಬಿಟ್ಟ ಜನ.

ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದ ಕ್ರಿ.ಪೂ. 479ರ ಪ್ಲಟೀಯಾ ಯುದ್ಧದ ಲೆಕ್ಕವನ್ನು ಹೆರೊಡೊಟಸ್ ಕೊಡುತ್ತಾನೆ. ಸ್ಪಾರ್ಟಾದ ಪೂರ್ಣ ಪ್ರಜೆಗಳು 5,000. ಅವರ ಜೊತೆ ಹೆಲಾಟ್‌ಗಳು 35,000, ಒಬ್ಬೊಬ್ಬನಿಗೆ ಏಳು ಜನ. ಹೆಲಾಟ್ ಅಂದರೆ ಸ್ಪಾರ್ಟಾದವರ ಹೊಲ ಉತ್ತು ಅವರ ಹೊಟ್ಟೆ ತುಂಬಿಸುತ್ತಿದ್ದ, ಸ್ವಾತಂತ್ರ್ಯ ಇಲ್ಲದ ಜನ. ಹೆರೊಡೊಟಸನ ಲೆಕ್ಕ ಹೆಚ್ಚುಕಡಿಮೆ ಇರಬಹುದು. ಆದರೆ ಹೆಲಾಟ್‌ಗಳು ಅಲ್ಲಿ ಇದ್ದರು. ಥರ್ಮಾಪಿಲೆಯಲ್ಲೂ ಇದ್ದರು, ಸತ್ತರು. ಅಲ್ಲಿ ಸ್ಪಾರ್ಟಾದ 300 ಜನರ ಪಕ್ಕದಲ್ಲಿ ಥೆಸ್ಪಿಯಾ ಊರಿನ 700 ಜನ ಕೊನೆಯವರೆಗೂ ನಿಂತು ಸತ್ತರು. ಒಂದು ಚಿಕ್ಕ ಊರು, ಯುದ್ಧಕ್ಕೆ ಹೋಗಬಲ್ಲ ಗಂಡಸರಲ್ಲಿ ದೊಡ್ಡ ಪಾಲನ್ನು ಒಂದೇ ದಿನ ಕಳೆದುಕೊಂಡಿತು. ನಾನು ಆಡಿದ ಆ ಥರ್ಮಾಪಿಲೆಯಲ್ಲಿ ಹೆಲಾಟ್ ಒಬ್ಬನೂ ಇಲ್ಲ, ಥೆಸ್ಪಿಯಾದವರು 'ಮಿತ್ರಪಡೆ' ಎಂಬ ಹೆಸರಿನಲ್ಲಿ ಹಿಂದೆ ಎಲ್ಲೋ ನಿಂತಿದ್ದಾರೆ. ಸ್ಪಾರ್ಟಾದವನು ದಿನವಿಡೀ ಕವಾಯತು ಮಾಡಲು ಬಿಡುವು ಎಲ್ಲಿಂದ ಬಂತು ಎಂದು ನಿಮ್ಮ ಆಟ ಒಮ್ಮೆಯಾದರೂ ತೋರಿಸಿದರೆ, ಆಡುವ ಮಕ್ಕಳಿಗೆ ಸ್ಪಾರ್ಟಾ ಪೂರ್ತಿ ಬೇರೆಯಾಗಿ ಕಾಣುತ್ತದೆ.

ಹಗುರ ಕಾಲಾಳುಗಳನ್ನೂ ಹೀಗೇ ಕಡೆಗಣಿಸಿದ್ದೀರಿ. ಗೇಮ್‌ನಲ್ಲಿ ಅವರು ಅಗ್ಗದ ಯೂನಿಟ್, ಎರಡು ಈಟಿ ಎಸೆದು ಸಾಯುವುದಕ್ಕೆ ಇರುವವರು. ಕ್ರಿ.ಪೂ. 390ರಲ್ಲಿ ಕೊರಿಂಥ್‌ನ ಬಂದರು ಲೆಖೇಯಂ ಹತ್ತಿರ ಅಥೆನ್ಸಿನ ಸೇನಾನಾಯಕ ಇಫಿಕ್ರಟೀಸನ ಈಟಿ ಎಸೆಯುವವರು ಸುಮಾರು 600 ಜನರ ಸ್ಪಾರ್ಟಾ ದಳವೊಂದನ್ನು ದಿಕ್ಕೆಡಿಸಿದರು. ಭಾರದ ಗುರಾಣಿ ಹೊತ್ತವರು ಅಟ್ಟಿಸಿಕೊಂಡು ಬಂದಾಗ ಓಡುವುದು, ಅವರು ದಣಿದು ತಿರುಗಿದಾಗ ಮತ್ತೆ ಬಂದು ಎಸೆಯುವುದು. ಸುಮಾರು 250 ಜನ ಸತ್ತರು ಎಂದು ಕ್ಸೆನೊಫನ್ ಬರೆಯುತ್ತಾನೆ. ಕವಣೆಯವರನ್ನು ನೋಡಿ. ರೋಡ್ಸ್ ದ್ವೀಪದವರು ಸೀಸದ ಗುಂಡು ಬೀಸುತ್ತಿದ್ದರು, ಪರ್ಷಿಯನ್ನರ ಕವಣೆಗಿಂತ ಅದು ದೂರ ಹೋಗುತ್ತಿತ್ತು. ಅಂಥ ಗ್ರೀಕ್ ಗುಂಡುಗಳು ಇವತ್ತಿಗೂ ಸಿಗುತ್ತವೆ, ಕೆಲವುಗಳ ಮೇಲೆ 'ತಗೋ' ಎನ್ನುವ ಅರ್ಥದ ಪದ ಅಚ್ಚಾಗಿದೆ. ಗ್ರೀಕ್ ಅಕ್ಷರ ಹಾಕಬೇಕು ಅಂತ ಅಷ್ಟು ಆಸೆ ಇದ್ದರೆ ಇಲ್ಲಿ ಹಾಕಿ, ಇದು ನೂರಕ್ಕೆ ನೂರು ನಿಜ.

ಮತ್ತೆರಡು ತಪ್ಪು ಬೇಗ ಹೇಳಿ ಮುಗಿಸುತ್ತೇನೆ. ಸುಮಾರು 90 ಸೆಂಟಿಮೀಟರ್ ಅಗಲದ ಗ್ರೀಕ್ ಗುರಾಣಿಗೆ ಎಡಗೈ ಮೊಣಕೈವರೆಗೆ ತೂರಿಸಿ ಅಂಚಿನ ಹಿಡಿ ಹಿಡಿಯಬೇಕು. ಮ್ಯಾಸಿಡೋನಿಯಾದ ಸರಿಸ್ಸಾ ಭರ್ಜಿ ಐದಾರು ಮೀಟರ್ ಉದ್ದ, ಎರಡೂ ಕೈ ಬೇಕು, ಅದಕ್ಕೇ ಅವರ ಗುರಾಣಿ ಚಿಕ್ಕದು, ಪಟ್ಟಿಯಿಂದ ತೂಗುಹಾಕಿದ್ದು. ಎರಡನ್ನೂ ಒಬ್ಬನ ಕೈಗೆ ಕೊಟ್ಟರೆ ಅವನು ಮೂರು ಕೈಯವನಾಗಿರಬೇಕು. ಇನ್ನು ಟ್ರೈರೀಮ್ ಎಂಬ ಗ್ರೀಕ್ ಯುದ್ಧ ಹಡಗಿನಲ್ಲಿ ಹುಟ್ಟು ಹಾಕುವವರಿಗೆ ಸರಪಳಿ ಬಿಗಿದು ಚಾಟಿ ಬೀಸಬೇಡಿ. ಒಂದು ಹಡಗಿಗೆ 170 ಜನ, ಅಥೆನ್ಸಿನಲ್ಲಿ ಅವರಲ್ಲಿ ಬಹಳಷ್ಟು ಜನ ಸ್ವತಂತ್ರರು, ಊರಿನ ಬಡ ಪ್ರಜೆಗಳು. ಪರ್ಷಿಯನ್ನರ ವಿರುದ್ಧದ ಸಲಾಮಿಸ್ ಕಡಲಯುದ್ಧ ಗೆದ್ದಿದ್ದು ಅವರ ತೋಳಿನಿಂದ. ಅವರನ್ನು ಗುಲಾಮರು ಅಂತ ತೋರಿಸುವುದು ಅವರ ಗೆಲುವನ್ನೇ ಕಸಿದುಕೊಂಡ ಹಾಗೆ.

ಸಂದೇಹ ಇರುವ ಕಡೆ ಏನು ಮಾಡುವುದು ಎಂದು ನೀವು ಕೇಳಬಹುದು. ಹೆರೊಡೊಟಸ್ ಮಾಡಿದ್ದನ್ನೇ ಮಾಡಿ. ಪ್ಲಟೀಯಾದಲ್ಲಿ ಹೆಸರು ಮಾಡಿದ ಸೊಫಾನೀಸ್ ಎಂಬ ಅಥೆನ್ಸಿನವನ ಬಗ್ಗೆ ಅವನು ಎರಡು ಕಥೆ ಹೇಳುತ್ತಾನೆ. ಸೊಫಾನೀಸ್ ಕಬ್ಬಿಣದ ಲಂಗರನ್ನೇ ಸೊಂಟಕ್ಕೆ ಕಟ್ಟಿಕೊಂಡು ಅಲುಗಾಡದೆ ನಿಲ್ಲುತ್ತಿದ್ದ ಎಂದು ಒಂದು, ಇಲ್ಲ, ಲಂಗರು ಗುರಾಣಿಯ ಮೇಲಿನ ಗುರುತು ಮಾತ್ರ ಎಂದು ಇನ್ನೊಂದು. ಎರಡನ್ನೂ ಮುಂದಿಟ್ಟ, ಓದುವವನನ್ನು ನಂಬಿದ. ಕನ್ನಡದಲ್ಲೂ ನಮಗೆ ಇಂಥದ್ದು ಗೊತ್ತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಹಳೆಯ ಗ್ರೀಕ್ ಪ್ರಹಸನದಲ್ಲಿ ಭಾರತದ ಕಡಲತೀರದ ರಾಜನ ಕಡೆಯವರು ಆಡುವ ಅರ್ಥವಾಗದ ಮಾತುಗಳಿವೆ. ಅವು ಕನ್ನಡ ಎಂದು 1904ರಲ್ಲಿ ಹುಲ್ಟ್ಷ್ ಎಂಬ ಜರ್ಮನ್ ವಿದ್ವಾಂಸರು ವಾದಿಸಿದರು. ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಅದು ಕನ್ನಡವೇ ಆಗಿರಲಿ ಎಂದು ನನಗೆ ಎಷ್ಟೇ ಆಸೆ ಇದ್ದರೂ, ಹುಡುಗನಿಗೆ ಹೇಳುವಾಗ ಎರಡೂ ಕಡೆ ಹೇಳಿದ್ದೇನೆ. ಅದರಿಂದ ಅವನ ಆಸಕ್ತಿ ಕಡಿಮೆಯಾಗಲಿಲ್ಲ, ಕೂತು ಆ ಸಾಲುಗಳನ್ನು ಬಿಡಿಸಲು ನೋಡಿದ.

ಹಾಗಾಗಿ ನಾನು ಕೇಳುವುದು ಇದು. ನಿಮ್ಮ ಮಾಹಿತಿ ಪುಟಗಳಲ್ಲಿ ಪ್ರತಿ ಸೈನಿಕ, ಪ್ರತಿ ಚಿಹ್ನೆಯ ಕೆಳಗೆ ಮೂರು ಮಾತಿನಲ್ಲಿ ಒಂದನ್ನು ಹಾಕಿ: ಆಧಾರ ಇದೆ, ಊಹೆ, ಅಥವಾ ಆಟಕ್ಕಾಗಿ ನಾವೇ ಮಾಡಿದ್ದು. ಆಧಾರ ಇದ್ದರೆ ಯಾರು ಹೇಳಿದ್ದು, ಯಾವ ಕಾಲದ್ದು ಎಂದು ಒಂದು ಸಾಲು. ಇಷ್ಟು ಮಾಡುವವರೆಗೆ ಪೆಟ್ಟಿಗೆಯಿಂದ 'ಇತಿಹಾಸಕ್ಕೆ ನಿಷ್ಠ' ಎಂಬ ಮಾತನ್ನು ತೆಗೆಯಿರಿ. ಗುರಾಣಿಯ ಚಿತ್ರಗಳನ್ನು ಮಾಡರ್‌ಗಳಿಗೆ ಬದಲಿಸಲು ಬಿಡಿ, ಬೀಗ ಹಾಕಬೇಡಿ. ಹೆಲಾಟ್‌ಗಳನ್ನು, ಥೆಸ್ಪಿಯಾದವರನ್ನು ಅವರ ಹೆಸರಿನಲ್ಲೇ ತನ್ನಿ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಈ ಕೆಲಸ ಮಾಡುವ ಗೆಳೆಯರೇ, ಹೊರದೇಶದಿಂದ ಬಂದ ಪಟ್ಟಿಯಲ್ಲಿ ಎಲ್ಲ ಗುರಾಣಿಗೂ ಲ್ಯಾಂಬ್ಡಾ ಎಂದು ಬರೆದಿದ್ದರೆ, ಯಾವ ವರ್ಷದ ಯುದ್ಧ ಎಂದು ಒಂದು ಸಲ ವಾಪಸ್ ಕೇಳಿ.

ಹುಡುಗ ಚಾರ್ಟನ್ನು ಹರಿಯಲಿಲ್ಲ. ಲ್ಯಾಂಬ್ಡಾ ಗುರಾಣಿಯ ಪಕ್ಕದಲ್ಲಿ ಇನ್ನೊಂದು ಗುರಾಣಿ ಬರೆದು, ಮಧ್ಯದಲ್ಲಿ ಒಂದು ನೊಣ ಬಿಡಿಸಿ, ಕೆಳಗೆ 'ಹೀಗೂ ಇದ್ದಿರಬಹುದು' ಎಂದು ಬರೆದ. ನಿಮ್ಮ ಮುಂದಿನ ಅಪ್‌ಡೇಟ್ ಬಂದಾಗ ನಾವಿಬ್ಬರೂ ಮೊದಲು ಆ ಪುಟವನ್ನೇ ತೆರೆದು ನೋಡುತ್ತೇವೆ.

ಇಂತಿ,
ನಿಮ್ಮ ಗೇಮ್‌ಗಳನ್ನು ಪ್ರೀತಿಯಿಂದ ಆಡುವ ಒಬ್ಬ ಕನ್ನಡಿಗ